ಎಸಿ ಕೋಣೆಯ ಶೈಲಾ

"ಇವತ್ತಿಂದ ನೋಡು ಸೌಭಾಗ್ಯಾ, ಎಂಟು ತಾಸಿನ ಕೆಲಸ ಎರಡು ತಾಸಿನ್ಯಾಗ ಮುಗಿಸಿ ಒಗಿತೀನಿ! ಉಳಿದ ವ್ಯಾಳ್ಯಾ ಎಲ್ಲಾ ಮನಿಗೆ, ನಿನಗ, ಸಮಾಜಕ್ಕ!"

ಅಂಜಿನೇಯ ಈ ಪ್ರತಿಜ್ಞೆ ಮಾಡಿದ್ದು ಮಧ್ಯಾಹ್ನದ ಊಟಕ್ಕೆ ಕೂತಾಗ, ಎಡಗೈಯನ್ನು ಗಾಳಿಯಲ್ಲಿ ಎತ್ತಿ. ಬಲಗೈಯಲ್ಲಿ ಜೋಳದ ರೊಟ್ಟಿ ಇತ್ತು. ಇಲ್ಲದಿದ್ದರೆ ಎರಡೂ ಕೈ ಎತ್ತುವವನೇ!

ಸೌಭಾಗ್ಯ ಪುಂಡಿಪಲ್ಯ ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಡಂ ಆಕೆ. ಪರೀಕ್ಷೆ ಹಾಲಿನಲ್ಲಿ ಹುಡುಗರ ತೋಳು, ಜೇಬು, ಬೂಟು ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಕಣ್ಣಿನಿಂದ ತಪಾಸಣೆ ಮಾಡಿ ಅಭ್ಯಾಸ. ಈಗ ಬೇಸಿಗೆ ರಜೆ. ಶಾಲೆಯ ನೂರಾರು ಮಕ್ಕಳಿಗೆ ಹಂಚಿಹೋಗುತ್ತಿದ್ದ ಸಂಶಯವೆಲ್ಲ ಮನೆಯಲ್ಲಿ ಒಬ್ಬನೇ ಗಂಡನ ಪಾಲಿಗೆ ಬಂದಿತ್ತು!

"ಎರಡು ತಾಸಿನ್ಯಾಗ ಆಗೂ ಕೆಲಸ ಇಷ್ಟು ವರ್ಷ ಎಂಟು ತಾಸು ಯಾಕ ಮಾಡಿದ್ರಿ?"

"ಹತಾರ ಸರಿ ಇದ್ದಿದ್ದಿಲ್ಲ. ಈಗ ಹತಾರ ಹರಿತ ಮಾಡಾಕತ್ತೀನಿ."

"ಮಾಡ್ರಿ," ಎಂದಳು ಸೌಭಾಗ್ಯ. ಆದರೆ ಆ 'ಮಾಡ್ರಿ' ಒಪ್ಪಿಗೆಯ ಹಾಗೆ ಕೇಳಿಸಲಿಲ್ಲ.

ಅಂಜಿನೇಯನ ಕೆಲಸ ಇಂಥದು: ರಾಯಚೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಲಾರಿ ತೂಗುವ ಕಾಟಾಗಳಿವೆಯಲ್ಲ, ಆ ಕಾಟಾಗಳ ಕಂಪ್ಯೂಟರುಗಳನ್ನು ಮನೆಯಲ್ಲೇ ಕೂತು ನೋಡಿಕೊಳ್ಳುವುದು. ಅದಕ್ಕೆ ಬಣ್ಣದ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಒಂದು ಕರಿ ಪರದೆ, ಅದರಲ್ಲೊಂದು ಡಾಲರ್ ಚಿಹ್ನೆ. ಅದರ ಮುಂದೆ ಅಪ್ಪಣೆಯನ್ನು ಅಕ್ಷರದಲ್ಲಿ ಟೈಪ್ ಮಾಡಬೇಕು. ಕಂಪ್ಯೂಟರು ಅಕ್ಷರದಲ್ಲೇ ಉತ್ತರ ಕೊಡುತ್ತದೆ. ನಮ್ಮ ಅಪ್ಪಣೆ ಇಸಿದುಕೊಂಡು ಒಳಗೆ ಮುಟ್ಟಿಸುವ ಆ ಕಾವಲುಗಾರನಿಗೆ ಶೆಲ್ ಎಂದು ಹೆಸರು. ಹತ್ತಾರು ವರ್ಷ ಅಂಜಿನೇಯ ಆ ಶೆಲ್ ಜೊತೆ ಯಾವ ತಕರಾರೂ ಇಲ್ಲದೆ ಸಂಸಾರ ಮಾಡಿದ್ದ.

ಕೆಟ್ಟದ್ದು ಒಂದು ವಿಡಿಯೋ ನೋಡಿ. ಯಾವನೋ ಚಿಗುರು ಮೀಸೆಯವನು ತನ್ನ ಶೆಲ್ ತೋರಿಸುತ್ತಿದ್ದ. ಶೆಲ್ಲೇ ಅದು? ಮದುವೆ ಮಂಟಪ! ಡಾಲರ್ ಚಿಹ್ನೆ ಇದ್ದಲ್ಲಿ ಹಸಿರು ಬಾಣ ಮಿನುಗುತ್ತಿತ್ತು. ಒಂದು ಅಕ್ಷರ ಟೈಪ್ ಮಾಡಿದರೆ ಮುಂದಿನದೆಲ್ಲ ಬೂದು ಬಣ್ಣದಲ್ಲಿ ತಾನೇ ಮೂಡುತ್ತಿತ್ತು. ತಪ್ಪು ಟೈಪ್ ಮಾಡಿದರೆ ಕೆಂಪಗಾಗುತ್ತಿತ್ತು. ಅಂಜಿನೇಯ ತನ್ನ ಕರಿ ಪರದೆ ನೋಡಿಕೊಂಡ. ಇಷ್ಟು ದಿನ ತಾನು ಬದುಕಿದ್ದು ಬದುಕೇ ಅಲ್ಲ ಅನ್ನಿಸಿಬಿಟ್ಟಿತು!

ಅಂದೇ ಅಲಂಕಾರ ಶುರು. ಮೊದಲು ಫ್ರೇಮ್‌ವರ್ಕ್ ಎಂಬುದನ್ನು ಇಳಿಸಿಕೊಂಡ. ಶಾಮಿಯಾನದ ಗುತ್ತಿಗೆದಾರ ಇದ್ದ ಹಾಗೆ ಅದು. ಒಬ್ಬನನ್ನು ಒಳಗೆ ಬಿಟ್ಟುಕೊಂಡರೆ ಅವನ ಹಿಂದೆ ಲೈಟಿನವನು, ಮೈಕಿನವನು, ಹೂವಿನವನು ಎಲ್ಲರೂ ಬರುತ್ತಾರೆ. ಹಾಗೆ ಬಂದವರಿಗೆ ಪ್ಲಗಿನ್ ಎಂದು ಹೆಸರು. ಹಳೆಯ ಅಪ್ಪಣೆಗಳನ್ನು ನೆನಪಿಟ್ಟುಕೊಂಡು ಬೂದು ಅಕ್ಷರದಲ್ಲಿ ಊಹಿಸಿ ತೋರಿಸುವುದು ಒಂದು ಪ್ಲಗಿನ್. ಬಣ್ಣ ಬಳಿಯುವುದು ಇನ್ನೊಂದು. ಬಾಣ ಮಿನುಗಲು ವಿಶೇಷ ಅಕ್ಷರಗಳು ಬೇಕಂತೆ. ಅವಿಲ್ಲದ್ದಕ್ಕೆ ಎರಡು ದಿನ ಬಾಣದ ಬದಲು ಖಾಲಿ ಡಬ್ಬಿಗಳು ಸಾಲಾಗಿ ನಿಂತವು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಇಡೀ ಶೆಲ್ ತೆರೆಯುವುದೇ ನಿಧಾನವಾಯಿತು. ಒಂದನ್ನು ಸರಿಪಡಿಸಲು ಎರಡು ಪ್ಲಗಿನ್ ಬೇಕಾದವು. ಆ ಎರಡರ ನಡುವೆ ಜಗಳ ಹತ್ತಿ ಬಿಡಿಸಲು ಮೂರನೆಯದು!

ಕಾಟಾದ ಕೆಲಸ? ಮಾಡೋಣ, ಹತಾರ ಹರಿತವಾಗಲಿ.

ಎಲ್ಲಕ್ಕಿಂತ ಮೆರುಗು ಕೊಟ್ಟದ್ದು ಮಾತಾಡುವ ಪ್ಲಗಿನ್. ಬಹಳ ಹೊತ್ತು ಹಿಡಿಯುವ ಕೆಲಸ ಒಪ್ಪಿಸಿದ್ದರೆ, ಅದು ಮುಗಿದಾಗ ಕಂಪ್ಯೂಟರು ಕೂಗಿ ಹೇಳುತ್ತದೆ. ದನಿ ಬೇಕಾದ್ದು ಆರಿಸಿಕೊಳ್ಳಬಹುದು, ಮಾತು ಬೇಕಾದ್ದು ಬರೆದುಕೊಳ್ಳಬಹುದು. ಅಂಜಿನೇಯ ಹೆಣ್ಣುದನಿ ಆರಿಸಿದ. ಜನ್ಮದಲ್ಲಿ ಯಾರೂ ಅವನನ್ನು ಹುಜೂರ್ ಎಂದು ಕರೆದಿರಲಿಲ್ಲ. ಆ ಕೊರತೆಯನ್ನೂ ಈಗಲೇ ತುಂಬಿಕೊಂಡ:

"ಹುಜೂರ್, ನಿಮ್ಮ ಕೆಲಸ ಆತು. ಬರ್ರಿ."

ಟೈಪ್ ಮಾಡಿದ್ದು ಶೆಲ್ಲಿಗೆ ತಿಳಿಯದಿದ್ದರೆ ಪರದೆಯ ಮೇಲೆ ಬರುವ ಇಂಗ್ಲಿಷ್ ಬೈಗುಳವನ್ನೂ ಬದಲಿಸಿದ. ಈಗ ಅಲ್ಲಿ "ತಿಳೀಲಿಲ್ಲ ಹುಜೂರ್" ಎಂದು ಬರುತ್ತಿತ್ತು. ನಿಜಾಮನ ಆಳ್ವಿಕೆ ರಾಯಚೂರಿನಿಂದ ಹೋಗಿ ಎಷ್ಟೋ ಕಾಲವಾಗಿದ್ದರೂ ಅಂಜಿನೇಯನ ಎಸಿ ಕೋಣೆಗೆ ವಾಪಸು ಬಂದಿತ್ತು!

ಎಸಿ ಕೋಣೆ ಅಂದೆನಲ್ಲ, ಅದೇ ಮುಂದಿನ ಅನಾಹುತಕ್ಕೆ ಕಾರಣ. ರಾಯಚೂರಿನ ಬಿಸಿಲಿಗೆ ಎಸಿ ಹಾಕಿದರೆ ಬಾಗಿಲು ಮುಚ್ಚಲೇಬೇಕು. ಮುಚ್ಚಿದ ಬಾಗಿಲ ಆಚೆ ಸೌಭಾಗ್ಯ ಹಪ್ಪಳ ಒಣಗಿಸಲು ಹೊರಟವಳು ನಿಂತುಬಿಟ್ಟಳು. ಒಳಗಿನಿಂದ, ನೆಗಡಿಯಾದ ಹೆಂಗಸಿನ ದನಿಯಲ್ಲಿ ಯಾರೋ ಅವಳ ಗಂಡನನ್ನು "ಬರ್ರಿ" ಎಂದು ಕರೆಯುತ್ತಿದ್ದರು!

ಅಂಜಿನೇಯ ಬಾಗಿಲು ತೆರೆದಾಗ ಎದುರಿಗೆ ಹಪ್ಪಳದ ತಟ್ಟೆ, ಅದರ ಹಿಂದೆ ಸೌಭಾಗ್ಯ.

"ಒಳಗ ಯಾರ ಜೋಡಿ ಮಾತಾಡಾಕತ್ತಿದ್ರಿ?"

"ಯಾರ ಜೋಡೀನೂ ಇಲ್ಲ. ಶೆಲ್ ಜೋಡಿ."

"ಶೈಲಾ?"

"ಶೈಲಾ ಅಲ್ಲ, ಶೆಲ್!"

"ಓಹೋ! ಮುದ್ದಿಲೆ ಶೆಲ್ ಅಂತೀರೇನು? ಯಾವೂರಾಕಿ?"

ಅಂಜಿನೇಯ ಕಲಿತವರು ನಗುವ ಹಾಗೆ ನಕ್ಕ. "ಹುಚ್ಚಿ! ಅದು ಹೆಂಗಸಲ್ಲ. ಅದೊಂದು ಪ್ಲಗಿನ್."

"ನಮ್ಮನಿ ಗ್ವಾಡಿಗೂ ಅವ ಪ್ಲಗ್ಗು. ಒಂದರ 'ಹುಜೂರ್' ಅಂದದೇನು ಇಷ್ಟು ವರ್ಷದಾಗ?"

"ಬಾ ಇಲ್ಲಿ, ತೋರಿಸ್ತೀನಿ! ನಿನ್ನ ಎದುರಿಗೇ ಮಾತಾಡಸ್ತೀನಿ!"

ಅವಳನ್ನು ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿ ಒಂದು ಅಪ್ಪಣೆ ಕೊಟ್ಟ. ಅವಸರದಲ್ಲಿ ಕೊಟ್ಟದ್ದು ಸಣ್ಣ ಕೆಲಸ; ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿದುಹೋಯಿತು. ಪ್ಲಗಿನ್ ಬಾಯಿ ಬಿಡುವುದು ದೊಡ್ಡ ಕೆಲಸಕ್ಕೆ ಮಾತ್ರ. ಕೋಣೆಯಲ್ಲಿ ಎಸಿಯ ಗೊರಗೊರ ಬಿಟ್ಟರೆ ಬೇರೆ ಸದ್ದಿಲ್ಲ. ಇನ್ನೊಂದು ಅಪ್ಪಣೆ ಕೊಟ್ಟ. ಮೌನ. ಮತ್ತೊಂದು. ಘನಘೋರ ಮೌನ!

"ಈಗ ಯಾಕ ಮಾತಾಡವಲ್ಲದೋ..." ಅಂಜಿನೇಯ ಬೆವರಿದ. ಎಸಿ ಕೋಣೆಯಲ್ಲಿ ಬೆವರುವವನನ್ನು ಯಾರು ನಂಬುತ್ತಾರೆ?

"ಯಾಕಂದ್ರ ನಾ ಇದ್ದೀನಿ," ಎಂದು ಸೌಭಾಗ್ಯ ಹಪ್ಪಳದ ತಟ್ಟೆ ಎತ್ತಿಕೊಂಡು ಹೋದಳು.

ಅವಳು ಕಂಪ್ಯೂಟರಿನ ತಂಟೆಗೆ ಹೋಗುವವಳೇ ಅಲ್ಲ ಎಂಬುದು ಅಂಜಿನೇಯನ ಗಟ್ಟಿ ನಂಬಿಕೆ. "ಆ ಕರಿ ಪರದಿ ನೋಡಿದ್ರ ನನಗ ತಲಿ ಶೂಲಿ" ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಹಾಗಾಗಿ ಸ್ನಾನಕ್ಕೆ ಹೋಗುವಾಗ ಲ್ಯಾಪ್‌ಟಾಪನ್ನು ತೆರೆದಿಟ್ಟೇ ಹೋಗುತ್ತಿದ್ದ. ಒಂದು ದಿನ ಸ್ನಾನ ಮುಗಿಸಿ ಬಂದಾಗ ಶೆಲ್ಲಿನ ಕಿಟಕಿ ಮುಚ್ಚಿಹೋಗಿತ್ತು. ಯಾವುದೋ ಪ್ಲಗಿನ್ ಕೈಕೊಟ್ಟಿರಬೇಕು ಅಂದುಕೊಂಡು ಮತ್ತೆ ತೆರೆದ. ಹಸಿರು ಬಾಣ ಮಿನುಗಿತು. ಕಡತಗಳ ಹೆಸರು ನೋಡಲು ಎಲ್ ಅಕ್ಷರ ಒತ್ತಿದ. ಇಂಗ್ಲಿಷ್ ಅಕ್ಷರಗಳಲ್ಲಿ, ಅಚ್ಚ ಕನ್ನಡದಲ್ಲಿ, ಬೂದು ಸಾಲೊಂದು ಮುಂದೆ ಮೂಡಿತು:

'ಲಜ್ಜಿ ಇಲ್ಲೇನು ನಿನಗ'

ಅಂಜಿನೇಯ ಕೈ ಹಿಂದೆಳೆದುಕೊಂಡ. ಕೀಲಿಮಣೆ ಕಾದ ಹೆಂಚಾದ ಹಾಗೆ! ಆ ಬೂದು ಸಾಲುಗಳು ಹಿಂದೆ ಯಾರೋ ಟೈಪ್ ಮಾಡಿದ್ದನ್ನೇ ನೆನಪಿಸುವವು. ಅವನಂತೂ ಇದನ್ನು ಟೈಪ್ ಮಾಡಿರಲಿಲ್ಲ. ಎಚ್ ಒತ್ತಿದ.

'ಹೆಸರು ಹೇಳು ಮೊದಲ'

ಏನೇ ಆಗಲಿ, ಶೆಲ್ಲಿನ ಅಲಂಕಾರವನ್ನೆಲ್ಲ ಬರೆದಿಟ್ಟ ಕಡತ ತೆರೆದು ನೋಡೋಣವೆಂದು ನ್ಯಾನೊ ಎಂಬ ಅಪ್ಪಣೆಯ ಮೊದಲ ಮೂರು ಅಕ್ಷರ ಒತ್ತಿದನೋ ಇಲ್ಲವೋ—

'ನನ್ ಕೈಗೆ ಸಿಗು ತೋರಸ್ತೀನಿ'

ಹ್ಯಾಕರ್! ಯಾವನೋ ಕಳ್ಳ ತನ್ನ ಕಂಪ್ಯೂಟರಿನೊಳಗೆ ಹೊಕ್ಕಿದ್ದಾನೆ! ಇದು ಅವನೊಬ್ಬನ ಮಾನದ ಪ್ರಶ್ನೆ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಗಿರಣಿಗಳ ಕಾಟಾದ ಕೀಲಿಗಳೆಲ್ಲ ಇದೇ ಲ್ಯಾಪ್‌ಟಾಪಿನಲ್ಲಿದ್ದವು. ಕಳ್ಳ ಕೈಯಾಡಿಸಿದರೆ ಲಾರಿ ಭತ್ತ ಚೀಲ ಭತ್ತವಾದೀತು, ಚೀಲ ಭತ್ತ ಲಾರಿಯಾದೀತು! ಕಂಪನಿಗೆ ತಿಳಿಸಿದರೆ ಮೊದಲು ಹೋಗುವುದು ತನ್ನ ನೌಕರಿ. ಅದರಲ್ಲೂ ಹ್ಯಾಕರನ ಕನ್ನಡ ನೋಡಿ! 'ತೋರಸ್ತೀನಿ' ಅಂತಾನೆ. ರಷ್ಯಾದವನಲ್ಲ, ಚೀನಾದವನಲ್ಲ. ಇವನು ನಮ್ಮ ಕಡೆಯವನೇ!

ಓದುಗರಿಗೆ ಈಗಾಗಲೇ ಯಾರ ಮೇಲೋ ಅನುಮಾನ ಬಂದಿರಬಹುದು. ಅಂಜಿನೇಯನಿಗೂ ಬಂತು, ಪಕ್ಕದ ಮನೆಯ ಜಹೀರನ ಮೇಲೆ!

ಜಹೀರನದು ತೀನ್ ಕಂದೀಲ್ ವೃತ್ತದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಅಂಜಿನೇಯನ ವೈಫೈಯನ್ನೇ ಅವನೂ ಬಳಸುತ್ತಿದ್ದ. ಪ್ರತಿಯಾಗಿ ಅವನ ತಾಯಿ ಸುಗ್ರಾ ಬೇಗಂ ಶುಕ್ರವಾರಕ್ಕೊಮ್ಮೆ ಎಣ್ಣೆ ತೇಲುವ ಬದನೆಕಾಯಿ ಸಾರು ಕಳಿಸುತ್ತಿದ್ದಳು. ಎರಡೂ ಮನೆಗಳ ಸ್ನೇಹ ಈ ಸಾರಿನಲ್ಲಿ ಕುದ್ದು ಹದವಾಗಿತ್ತು. ಅಂಜಿನೇಯ ಹಲ್ಲು ಕಚ್ಚಿ ಪಾಸ್‌ವರ್ಡ್ ಬದಲಿಸಿದ. ಸಂಜೆಯೇ ಜಹೀರ್ ಕಾಂಪೌಂಡಿನ ಮೇಲೆ ಕತ್ತು ಚಾಚಿದ.

"ಅಣ್ಣಾ, ನಿಮ್ಮ ವೈಫೈ ನನ್ನ ಗುರ್ತs ಹಿಡೀವಲ್ದು."

"ಗುರ್ತು ಹಿಡಿದದ್ದಕ್ಕೇ ಬಂದ್ ಆಗ್ಯಾದ."

"ಅಂದ್ರ?"

ಅಂಜಿನೇಯ ಕಣ್ಣು ಕಿರಿದು ಮಾಡಿದ. "ನಾ ನಿನ್ನ ಕೈಗೆ ಸಿಕ್ಕರ ಏನು ತೋರಸ್ತಿ, ಜಹೀರ್?"

ಜಹೀರ್ ತನ್ನ ಕೈ ನೋಡಿಕೊಂಡ. ಸ್ವಲ್ಪ ಯೋಚಿಸಿ ಹೇಳಿದ: "ಹೊಸಾ ಮೊಬೈಲ್ ಕವರ್ ಬಂದಾವ ಅಣ್ಣಾ. ಅವನ್ನ ತೋರಸ್ತೀನಿ."

ಎಂಥ ಪಾತಕಿ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ!

ಆದರೆ ವೈಫೈ ಬದಲಾದ ಮರುದಿನವೂ ಸ್ನಾನ ಮುಗಿಸಿ ಬಂದು ಕೂತರೆ ಹೊಸ ಬೂದು ಸಾಲುಗಳು ಕಾದಿದ್ದವು. 'ಬಾಯಿ ಬಿಡು', 'ಎದುರಿಗೆ ಬಾ', 'ಮತ್ತs ಹುಜೂರ್ ಅಂತಿ'. ಜಹೀರನ ಮೇಲಿನ ಅನುಮಾನ ಕೇಬಲ್ಲಿನವನ ಮೇಲೆ ಹರಿಯಿತು. ಅಲ್ಲಿಂದ ಹಾಲಿನವನ ಮೇಲೆ. ಹಾಲಿನವನು ಈ ನಡುವೆ ಮೊಬೈಲಿನಲ್ಲಿ ಬಹಳ ಬೆರಳಾಡಿಸುತ್ತಿದ್ದ. ಓಣಿಯಲ್ಲಿ ಯಾರು ಮೊಬೈಲ್ ಹಿಡಿದರೂ ಅಂಜಿನೇಯ ಕಿಟಕಿಯ ಪರದೆ ಸರಿಸಿ ನೋಡತೊಡಗಿದ. ಗಂಡ ಯಾರನ್ನೋ ಇಣುಕಿ ನೋಡುತ್ತಾನಲ್ಲ ಎಂದು ಸೌಭಾಗ್ಯ ಅವನ ಹಿಂದಿನಿಂದ ಇಣುಕಿ ನೋಡತೊಡಗಿದಳು!

ಕೊನೆಗೆ ತಡೆಯಲಾರದೆ ಅಂಜಿನೇಯ ಹೆಂಡತಿಯ ಹತ್ತಿರ ದನಿ ತಗ್ಗಿಸಿ ಹೇಳಿದ. "ಸೌಭಾಗ್ಯಾ, ಹೇಳಬಾರದಂತ ಇದ್ದೆ. ನಮ್ಮ ಮನಿ ಒಳಗ ಯಾರೋ ಹೊಕ್ಕಾರ ಅಂತ ನನಗ ಅನುಮಾನ."

"ನನಗ ಅನುಮಾನ ಇಲ್ಲ," ಎಂದಳು ಆಕೆ. "ಖಾತ್ರಿ ಅದ."

"ಹೌದಾ! ನಿನಗೂ ಗೊತ್ತಾತೇನು?"

"ದಿನಾ ನೋಡಾಕತ್ತೀನಿ."

"ಹೆದರಬ್ಯಾಡ. ನಾ ಇದ್ದೀನಲ್ಲ!"

"ನೀವು ಇದ್ದೀರಂತನs ಬಂದದ್ದು!" ಎಂದು ಸೌಭಾಗ್ಯ ಕಣ್ಣು ತುಂಬಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಪಾಪ, ಹೆದರಿದ್ದಾಳೆ ಎಂದುಕೊಂಡ ಅಂಜಿನೇಯ. ಹೆಂಡತಿಯ ಕಣ್ಣೀರು ಕಂಡು ಅವನ ರಕ್ತ ಕುದಿಯಿತು. ಸಾಕು ಈ ಇಣುಕಾಟ! ಕಳ್ಳನಿಗೆ ಒಳಗಿನಿಂದಲೇ ಬಲೆ ಬೀಸಬೇಕು. ಶೆಲ್ಲಿಗೆ ತಿಳಿಯದ ಮಾತನ್ನು ಯಾರೇ ಟೈಪ್ ಮಾಡಿದರೂ ಇನ್ನು ಮುಂದೆ "ತಿಳೀಲಿಲ್ಲ ಹುಜೂರ್" ಎಂದು ಬಾಗಬಾರದು. ಬದಲಿಗೆ ಪೂರ್ತಿ ದನಿ ಎತ್ತಿ ಗದರಿಸಬೇಕು! ಕೂತು ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಬಂದ ಮೇಲೆ ಇಷ್ಟು ಶ್ರದ್ಧೆಯಿಂದ ಅವನು ಕನ್ನಡ ಬರೆದಿರಲಿಲ್ಲ. ಕಡೆಗೆ ಸಿದ್ಧವಾದ ಮಾತು ಇದು:

"ಏನು ಆಟ ಹಚ್ಚಿ? ನೀ ಯಾರಂತ ನನಗ ಗೊತ್ತಾಗ್ಯಾದ. ಇದು ನನ್ನ ಜಾಗ! ನಾ ಇರೂತನ ಇಲ್ಲಿ ನಿನ್ನ ದರ್ಬಾರು ನಡ್ಯಂಗಿಲ್ಲ. ಸುಮ್ಕ ಗಂಟು ಕಟ್ಟಿಕೊಂಡು ಹೊರಗ ನಡಿ!"

ಎರಡು ಸಲ ಓದಿಕೊಂಡು ತಾನೇ ತಲೆದೂಗಿದ. ದನಿಯನ್ನು ಬದಲಿಸಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅದೇ ನೆಗಡಿಯ ಹೆಂಗಸು. ಸ್ಪೀಕರನ್ನು ತುತ್ತತುದಿಗೆ ಏರಿಸಿಟ್ಟ.

ಮರುದಿನ ಬೆಳಿಗ್ಗೆ ಅಂಜಿನೇಯ ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡಿದ್ದ. ಆಗ ಮನೆಯೇ ಗಡಗಡ ಅನ್ನುವ ಹಾಗೆ ಕೇಳಿಸಿತು: "ಏನು ಆಟ ಹಚ್ಚಿ?..."

"ಸಿಕ್ಕಬಿದ್ದ!" ಎಂದು ಅಂಜಿನೇಯ ಬಚ್ಚಲಲ್ಲೇ ಕುಣಿದ. "ಮಗನೇ, ಸಿಕ್ಕಬಿದ್ದಿ!" ಸೋಪು ಕಣ್ಣಿಗೆ ಇಳಿಯಿತು. ತಂಬಿಗೆ ಕೈಗೆ ಸಿಗಲಿಲ್ಲ. ತಡವರಿಸಿ ನೀರು ಹೊಯ್ದುಕೊಂಡು, ಟವೆಲ್ ಸುತ್ತಿಕೊಂಡು ಓಡಿ ಬರುವುದರಲ್ಲಿ ಶೆಲ್ಲಿನ ಕಿಟಕಿ ಮುಚ್ಚಿತ್ತು. ಮತ್ತೆ ತೆರೆದು ಒಂದೊಂದೇ ಅಕ್ಷರ ಒತ್ತುತ್ತ ಬಂದ. ಎಸ್ ಒತ್ತಿದಾಗ ಬೂದು ಸಾಲು ಮೂಡಿತು:

'ಸವತಿ ನೀ ಸುಖಾ ಪಡಂಗಿಲ್ಲ'

ಸವತಿ? ಹಾಲಿನವನು ನನ್ನ ಕಂಪ್ಯೂಟರಿಗೆ ಯಾಕೆ ಸವತಿ ಅನ್ನುತ್ತಾನೆ? ಅಂಜಿನೇಯ ಒದ್ದೆ ತಲೆ ಕೆರೆದುಕೊಂಡು ಯೋಚಿಸಿದ. ಯೋಚಿಸುತ್ತಲೇ ಹೊತ್ತು ಏರಿತು. ಚಹಾ ಬರಲಿಲ್ಲ. ಉಪ್ಪಿಟ್ಟಿನ ವಾಸನೆಯೂ ಇಲ್ಲ. "ಸೌಭಾಗ್ಯಾ!" ಎಂದು ಕೂಗಿದರೆ ಉತ್ತರವಿಲ್ಲ. ಹೊರಗೆ ಬಂದ. ಅಡುಗೆಮನೆ ಖಾಲಿ. ಕಪಾಟಿನ ಮೇಲಿದ್ದ ಅವಳ ಕೆಂಪು ಬ್ಯಾಗೂ ಇಲ್ಲ.

ಕಾಂಪೌಂಡಿನ ಆಚೆ ಸುಗ್ರಾ ಬೇಗಂ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ವೈಫೈ ಕತ್ತರಿಸಿದ ದಿನದಿಂದ ಅವಳ ಮುಖ ಬಿಗಿದುಕೊಂಡಿತ್ತು. ಈಗ ಬಾಯಿ ಬಿಚ್ಚಿತು.

"ಅರೆ ಅಂಜಿನೇಯಾ, ಕ್ಯಾ ಕರ್ ಡಾಲೆ ರೇ! ನಿನ್ನ ಹೇಣ್ತಿ ಅಳಕೋತ ಆಟೋ ಹತ್ತಿದ್ಲಲ್ಲೋ! ಎಲ್ಲಿಗಿ ಬೇಟಿ ಅಂದೆ. ದೇವದುರ್ಗಕ್ಕ, ಅವ್ವನ ಮನಿಗೆ ಅಂದ್ಲು."

"ಯಾಕ ಖಾಲಾ? ಏನಾತು ಆಕಿಗೆ?"

"ನನಗ ಕೇಳ್ತಿ? ಇಡೀ ಮೊಹಲ್ಲಾಕ್ಕ ಕೇಳಿಸ್ಯಾದ! ಯಾವಾಕಿನೋ ತಂದು ಒಳಗ ಕೂಡಿಸಿ! ಆಕಿ ಹೊರಗ ನಡಿ ಅಂತಾಳ, ನೀ ಬಚ್ಚಲದಾಗ ನಿಂತು ಖುಷೀಲೆ ಚೀರ್ತಿ! ಶರಮ್ ಇಲ್ಲೇನೋ ನಿನಗ?"

ಅಂಜಿನೇಯ ಕಾಂಪೌಂಡಿನ ಕಲ್ಲು ಹಿಡಿದುಕೊಂಡ. ಲಜ್ಜೆ, ಹೆಸರು, ಕೈಗೆ ಸಿಗು, ಸವತಿ ಎಲ್ಲವೂ ಒಟ್ಟಿಗೇ ಬಂದು ತಲೆಯ ಮೇಲೆ ಕೂತವು. ಹ್ಯಾಕರ್ ರಷ್ಯಾದವನಲ್ಲ, ಚೀನಾದವನಲ್ಲ. ದೇವದುರ್ಗದವಳು!

ಲ್ಯಾಪ್‌ಟಾಪನ್ನು ಬಗಲಲ್ಲಿ ಅವುಚಿಕೊಂಡು ದೇವದುರ್ಗದ ಬಸ್ಸು ಹತ್ತಿದ. ಹತ್ತುವ ಮೊದಲೇ ಫೋನ್ ಮಾಡಿದ, ಎತ್ತಲಿಲ್ಲ. ಕಲ್ಮಲಾ ದಾಟಿದ ಮೇಲೆ ಮಾಡಿದ, ಎತ್ತಲಿಲ್ಲ. 'ಅದು ಹೆಂಗಸಲ್ಲ, ಕಂಪ್ಯೂಟರ್ ದನಿ, ದೇವರಾಣಿ' ಎಂದು ಬರೆದು ಕಳಿಸಿದ. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಉತ್ತರ ಬಂತು:

'ಹುಜೂರ್, ಗಂಟು ಕಟ್ಟಿಕೊಂಡು ಹೊರಗ ನಡದೀನಿ. ನಿಮ್ಮ ಕೆಲಸ ಆತು.'

ಮುಂದಿನ ದಾರಿಯುದ್ದಕ್ಕೂ ಅಂಜಿನೇಯ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿದ್ದ. ಒಂದು ಸಂಸಾರ ಮುರಿಯಲು ಜನ ಎಷ್ಟೆಲ್ಲ ಕಷ್ಟಪಡುತ್ತಾರೆ. ತಾನು ಕೂತಲ್ಲೇ, ಎಸಿಯಲ್ಲೇ, ಪುಕ್ಕಟೆ ಪ್ಲಗಿನ್ನಿನಲ್ಲೇ ಮಾಡಿ ಮುಗಿಸಿದ್ದ!

ದೇವದುರ್ಗದ ಮನೆಯ ಪಡಸಾಲೆಯಲ್ಲಿ ಅತ್ತೆ ಬೂದೆಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಸೌಭಾಗ್ಯ, ಕೆಂಪು ಕಣ್ಣು. ಅವಳ ತಮ್ಮ ಮಾರೆಪ್ಪ ಬಾಗಿಲಲ್ಲಿ ನಿಂತಿದ್ದ. ಟ್ರ್ಯಾಕ್ಟರ್ ಓಡಿಸುವ ಮಾರೆಪ್ಪ ಬಾಗಿಲಲ್ಲಿ ನಿಂತರೆ ಬಾಗಿಲು ಮುಚ್ಚಿದ ಹಾಗೇ ಲೆಕ್ಕ.

"ಬರ್ರಿ ಮಾವಾ," ಎಂದ ಮಾರೆಪ್ಪ, ಸರಿಯದೆ. "ಒಬ್ಬರs ಬಂದೀರೋ? ಆಕಿ ಹೊರಗ ನಿಂತಾಳೋ?"

"ಆಕಿ ಇದರಾಗ ಅದಾಳ!" ಎಂದ ಅಂಜಿನೇಯ ಲ್ಯಾಪ್‌ಟಾಪ್ ಎತ್ತಿ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. "ಅಂದ್ರ... ಅದ! ಅದು ಇದರಾಗ ಅದ!"

ಸೌಭಾಗ್ಯ ತಾಯಿಯ ಕಡೆ ತಿರುಗಿದಳು. "ಕೇಳಿದೇನವ್ವ? ಬಾಯಿ ತಪ್ಪಿ ಖರೇನ ಬಂತು. ದಿನಾ ಇವರು ಮೈ ತೊಳಕೊಳ್ಳಾಕ ಹೋದಾಗ ನಾ ಕುಂತು ಕೇಳೀನಿ. ಹೆಸರು ಹೇಳು ಅಂದ್ರ 'ತಿಳೀಲಿಲ್ಲ ಹುಜೂರ್' ಅಂತ ಬರೀತಾಳ. ತನ್ನ ಹೆಸರು ತನಗ ತಿಳೀದs ಇರ್ತದೇನು? ಸಿಟ್ಟು ಬಂದು ಮೂಲ್ಯಾಗಿನ ಗುಣಾಕಾರದ ಗುರುತು ಒತ್ತಿ ಎದ್ದು ಬರ್ತಿದ್ದೆ. ಇವತ್ತ ನೋಡಿದ್ರ ಬಾಯಿ ಮಾಡಿ ನನ್ನ ಮನ್ಯಾಗಿಂದ ನನಗs ಹೊರಗ ನಡಿ ಅಂದ್ಲು!"

"ಅತ್ತೀ, ಒಂದs ಒಂದು ಸಲ ನೋಡ್ರಿ," ಎಂದು ಅಂಜಿನೇಯ ಅವರ ಎದುರು ಮಂಡಿಯೂರಿ ಕೂತ. ಲ್ಯಾಪ್‌ಟಾಪ್ ತೆರೆದ. ಹಸಿರು ಬಾಣ ಬರುವ ಬದಲು ಫ್ರೇಮ್‌ವರ್ಕ್ ಎದ್ದು ನಿಂತು, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಎಂಥ ಮುಹೂರ್ತ! ಬೇಡ ಎಂದು ಒತ್ತಿದ. ಯೋಚಿಸಿ ಯೋಚಿಸಿ ಶೆಲ್ ತೆರೆದುಕೊಂಡಿತು. "ಈಗ ಏನರ ಒತ್ತ್ರಿ. ಯಾವ ಅಕ್ಷರ ಆದ್ರೂ ಆದೀತು."

ಬೂದೆಮ್ಮ ಅಳಿಯನನ್ನು ನೋಡಿದಳು, ಯಂತ್ರವನ್ನು ನೋಡಿದಳು. ಆಮೇಲೆ ರೊಟ್ಟಿ ತಟ್ಟುವ ಹಾಗೆ ಅಂಗೈಯಿಂದ ಕೀಲಿಮಣೆಯ ಮೇಲೆ ಒಂದು ಕೊಟ್ಟಳು. ಅಂಜಿನೇಯ ಎಂಟರ್ ಒತ್ತಿದ.

"ಏನು ಆಟ ಹಚ್ಚಿ? ನೀ ಯಾರಂತ ನನಗ ಗೊತ್ತಾಗ್ಯಾದ. ಇದು ನನ್ನ ಜಾಗ!..."

ಪಡಸಾಲೆ ನಡುಗಿತು. ಬೂದೆಮ್ಮ ಚಾಚಿದ ಕಾಲು ಎಳೆದುಕೊಂಡಳು. "ನನ್ನ ಮನ್ಯಾಗ ಬಂದು ನನಗs ಹೊರಗ ನಡಿ ಅಂತಾಳಲ್ಲೋ ಈಕಿ!"

"ಎಲ್ಲಾರಿಗೂ ಅಂತದ್ರೀ ಅತ್ತೀ! ಯಾರು ಏನು ಒತ್ತಿದ್ರೂ ಇದನ್ನs ಅಂತದ!"

ಮಾರೆಪ್ಪನಿಗೆ ನಂಬಿಕೆ ಬರಲಿಲ್ಲ. ಬಂದು ಕೂತು, ದಪ್ಪ ಬೆರಳಿನಿಂದ ತನ್ನ ಹೆಸರು ಟೈಪ್ ಮಾಡಿದ. ಅವನನ್ನೂ ಗಂಟು ಕಟ್ಟಲು ಹೇಳಿತು. ಮಾರೆಪ್ಪನ ಮುಖ ಅರಳಿತು. ತನ್ನ ಟ್ರ್ಯಾಕ್ಟರಿನ ನಂಬರ್ ಹಾಕಿದ. ಟ್ರ್ಯಾಕ್ಟರನ್ನೂ ಬಿಡಲಿಲ್ಲ. ತನ್ನ ಟ್ರ್ಯಾಕ್ಟರಿನ ಬಾಕಿ ಬಾಡಿಗೆ ಕೊಡದೆ ಸತಾಯಿಸುತ್ತಿದ್ದ ಊರ ಹಿರಿಯರೊಬ್ಬರ ಹೆಸರು ಹಾಕಿದ. ಅವರಿಗೂ ಅದೇ ಮರ್ಯಾದೆ! "ಭಾರಿ ಅದ ಮಾವಾ! ನನ್ನ ಮೊಬೈಲಿಗೂ ಈಕಿನ್ನ ಹಾಕಿ ಕೊಡ್ರಿ!"

ಸೌಭಾಗ್ಯಳ ಮುಖದಲ್ಲಿ ನಗು ಬರಬೇಕೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿತ್ತು. ಗಂಡನ ಬೆವರು, ಅವಸರಕ್ಕೆ ಉಲ್ಟಾ ಹಾಕಿಕೊಂಡು ಬಂದ ಅಂಗಿ, ಕಿವಿಯ ಹಿಂದೆ ಇನ್ನೂ ಒಣಗಿದ ಸೋಪು, ಎಲ್ಲವನ್ನೂ ಪರೀಕ್ಷೆ ಹಾಲಿನ ಕಣ್ಣಿನಲ್ಲಿ ತಪಾಸಣೆ ಮಾಡಿದಳು. ಕಾಪಿ ಚೀಟಿ ಎಲ್ಲೂ ಸಿಗಲಿಲ್ಲ.

"ಹಂಗಾರ ಶೈಲಾ ಇಲ್ಲ?"

"ಇಲ್ಲ."

"ಅಷ್ಟೂ ದಿನ ನಾ ಬೈದದ್ದು ಡಬ್ಬಿಗೆ?"

"ಡಬ್ಬಿಗೆ. ನಾನು ಅದನ್ನ ಓದಿ ಜಹೀರನ್ನ ಕಳ್ಳ ಅಂದೆ."

ಆಗ ನಗು ಹೊಸ್ತಿಲು ದಾಟಿ ಬಂತು. ಮಾರೆಪ್ಪನೂ ನಕ್ಕ. ಅಂಜಿನೇಯ ಉಸಿರು ಬಿಟ್ಟು ಗೋಡೆಗೆ ಒರಗಿದ. ಎಲ್ಲ ಸುಖಾಂತ ಅನ್ನುವಾಗ ಬೂದೆಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಪರದೆಯನ್ನೇ ನೋಡುತ್ತಿದ್ದಳು.

"ಅಲ್ಲ ಯಪ್ಪಾ, ಹೆಂಗಸಿಲ್ಲ ಅನ್ನೂದು ತಿಳೀತು. ಆದ್ರ ಇಷ್ಟೆಲ್ಲ ಮಾಡಿದ್ದು ಯಾತಕ್ಕ?"

ಅಂಜಿನೇಯನಿಗೆ ಹುರುಪು ಬಂತು. ಒಂದು ವಾರದಿಂದ ಯಾರೂ ಅವನನ್ನು ಈ ಪ್ರಶ್ನೆ ಪ್ರೀತಿಯಿಂದ ಕೇಳಿರಲಿಲ್ಲ! "ಹೇಳ್ತೀನಿ ಅತ್ತೀ. ಮೊದಲ ಇಲ್ಲಿ ಬರೇ ಒಂದು ಡಾಲರ್ ಗುರುತು ಇತ್ತು. ಈಗ ನೋಡ್ರಿ, ಹಸರು ಬಾಣ!"

"ಬಾಣ ಏನು ಮಾಡ್ತದ?"

"ಏನೂ ಮಾಡಂಗಿಲ್ಲ. ತೋರಿಸ್ತದ."

"ಏನು ತೋರಿಸ್ತದ?"

"ಎಲ್ಲಿ ಟೈಪ್ ಮಾಡಬೇಕಂತ."

"ಮೊದಲ ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು..." ಅಂಜಿನೇಯನ ದನಿ ಇಳಿಯಿತು. "ಈ ಬಾಜು ನೋಡ್ರಿ, ಟೈಮ್ ಬರ್ತದ."

ಬೂದೆಮ್ಮ ಗೋಡೆಯ ಗಡಿಯಾರ ನೋಡಿದಳು. ಪರದೆಯ ಗಡಿಯಾರ ನೋಡಿದಳು. ಎರಡೂ ಒಂದೇ ಸಮಯ ತೋರಿಸುತ್ತಿದ್ದವು. "ಇದಕ್ಕ ಎಷ್ಟು ದಿನ ಹಿಡೀತು?"

"ಒಂದು ವಾರ... ಇನ್ನೂ ಸ್ವಲ್ಪ ಬಾಕಿ ಅದ."

"ನೌಕರಿ ಕೆಲಸ?"

ಅಂಜಿನೇಯ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ. ಬೂದೆಮ್ಮ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ಮಗಳ ಕಡೆ ವಾಲಿದಳು. ಗುಟ್ಟಾಗಿ ಹೇಳಬೇಕೆಂದೇ ಇದ್ದಳೇನೋ, ಆದರೆ ಅವಳ ಗುಟ್ಟು ಪಡಸಾಲೆಗೆಲ್ಲ ಕೇಳಿಸಿತು:

"ಹೆಣ್ಣಿನ ವಿಷಯ ಇದ್ದಿದ್ರ ನಾಕು ಮಂದಿ ಹಿರೇರನ್ನ ಕೂಡಿಸಿ ಬುದ್ಧಿ ಹೇಳಬಹುದಿತ್ತವ್ವ. ಇದಕ್ಕ ಯಾರನ್ನ ಕರೀಲಿ?"